ಲಿಂಕ್ ಮುಚ್ಚಿಡುವ ಪ್ಲಗಿನ್: ಮೂರು ವರ್ಷ ಬಳಸಿದ ಮೇಲೆ

ಪ್ಲಗಿನ್ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ಇದಕ್ಕೂ ಕಮಿಷನ್ ಲಿಂಕ್ ಹಾಕಿದ್ದಾನೆ ಅಂತೀರಿ. ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ಗೆ ಜೋಡಿಸುವ ಇಂಥ ಪ್ಲಗಿನ್‌ಗಳು ಬೇಕಾದಷ್ಟಿವೆ, ಎಲ್ಲದರ ಕೆಲಸವೂ ಹೆಚ್ಚುಕಡಿಮೆ ಒಂದೇ.

ನಾನು ದಾವಣಗೆರೆಯವನು. ಅಡುಗೆಮನೆ ಸಾಮಾನಿನ ಬಗ್ಗೆ ಕನ್ನಡದಲ್ಲಿ ಬರೆಯುವ ಸಣ್ಣ ಸೈಟ್ ಇದೆ. ನಮ್ಮೂರಿನವನು ಅಂದಮೇಲೆ ಜನ ಕೇಳುವುದು ಒಂದೇ: ಬೆಣ್ಣೆ ದೋಸೆಗೆ ಯಾವ ಹಂಚು ತಗೋಬೇಕು? ಆ ಒಂದು ಲೇಖನದಿಂದಲೇ ನನ್ನ ಕಮಿಷನ್‌ನ ಮುಕ್ಕಾಲು ಪಾಲು ಬರುತ್ತದೆ.

ಆನ್‌ಲೈನ್ ಅಂಗಡಿಯವರು ಕೊಡುವ ಅಫಿಲಿಯೇಟ್ ಲಿಂಕ್ (ಅದನ್ನು ಒತ್ತಿ ಯಾರಾದರೂ ಕೊಂಡರೆ ನನಗೆ ಕಮಿಷನ್) ಮಾರುದ್ದ ಇರುತ್ತದೆ, ಬಾಲದಲ್ಲಿ ನನ್ನ ಗುರುತಿನ ಟ್ಯಾಗ್. ಪ್ಲಗಿನ್ ಅದರ ಬದಲು ನನ್ನ ಸೈಟಿನದೇ ಪುಟ್ಟ ವಿಳಾಸ ಕೊಡುತ್ತದೆ. ಒತ್ತಿದರೆ ನನ್ನ ಸರ್ವರ್ ಅಂಗಡಿ ಕಡೆ ಕಳಿಸುತ್ತದೆ. ಅಲ್ಲಿ ಇಳಿದ ಮೇಲೆ ಟ್ಯಾಗ್ ಅಡ್ರೆಸ್ ಬಾರ್‌ನಲ್ಲಿ ಕಾಣುತ್ತದೆ. ಅಂದರೆ ಈ ಮುಸುಕಿನ ಆಯಸ್ಸು ಅರ್ಧ ಸೆಕೆಂಡು. ಅದೂ ಕಾಣದಂತೆ ಅಂಗಡಿ ಪುಟವನ್ನು ನಮ್ಮ ಪುಟದ ಚೌಕಟ್ಟಿನೊಳಗೇ ತೋರಿಸುವ ಆಯ್ಕೆ ದುಡ್ಡಿನ ಆವೃತ್ತಿಯಲ್ಲಿತ್ತು. ಒಂದು ದಿನ ಹಾಕಿ ನೋಡಿದೆ. ದೊಡ್ಡ ಅಂಗಡಿಗಳು ತಮ್ಮ ಪುಟ ಹಾಗೆ ತೆರೆಯಲು ಬಿಡುವುದೇ ಇಲ್ಲ. ಬಂದಿದ್ದು ಖಾಲಿ ಬಿಳಿ ಪರದೆ.

ಮೊದಲು ಹುಮ್ಮಸ್ಸಿನಲ್ಲಿ ಲಿಂಕಿಗೆ ಕನ್ನಡದಲ್ಲೇ ‘ಹಂಚು’ ಅಂತ ಹೆಸರಿಟ್ಟೆ. ವಾಟ್ಸ್ಆ್ಯಪ್‌ಗೆ ಅಂಟಿಸಿದರೆ ಶೇಕಡಾ ಚಿಹ್ನೆಗಳ ದೊಡ್ಡ ಸಾಲು! ಲಿಂಕಿನಲ್ಲಿ ಕನ್ನಡದ ಒಂದೊಂದು ಅಕ್ಷರ, ಸೊನ್ನೆ, ಕೊಂಬು ಎಲ್ಲವೂ ತಲಾ 9 ಚಿಹ್ನೆಗಳಾಗುತ್ತವೆ. ‘ಹಂಚು’ ಅನ್ನೋಕೆ 36. ಹಂಚಲಿಕ್ಕೇ ಆಗದ ಹಂಚು. ಇಂಗ್ಲಿಷಿಗೆ ಬದಲಾಯಿಸಿದೆ, ಬೇರೆ ದಾರಿ ಇರಲಿಲ್ಲ.

ಎರಡನೇ ಎಡವಟ್ಟೂ ನನ್ನದೇ. ಲಿಂಕ್ ಮಾಡುವಾಗ 301, 302, 307 ಅಂತ ಆಯ್ಕೆ ಕೇಳುತ್ತದೆ. ಸುಮ್ನೆ ಮೊದಲನೆಯದನ್ನು ಒತ್ತಿದೆ. 301 ಅಂದರೆ ‘ಶಾಶ್ವತ’ ವಿಳಾಸ ಬದಲಾವಣೆ, ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಆ ಹಂಚು ಮಾರಾಟ ನಿಂತಾಗ ಲಿಂಕನ್ನು ಬೇರೆ ಹಂಚಿಗೆ ತಿರುಗಿಸಿದೆ. ಹಿಂದೆ ಒಮ್ಮೆ ಒತ್ತಿದ್ದವರು ಮಾತ್ರ ಮತ್ತೆ ಮತ್ತೆ ‘ಸ್ಟಾಕ್ ಇಲ್ಲ’ ಪುಟಕ್ಕೇ ಹೋಗುತ್ತಿದ್ದರು. ಈಗ ಎಲ್ಲವೂ 307, ಅಂದರೆ ‘ತಾತ್ಕಾಲಿಕ’.

ಪ್ಲಗಿನ್ ಮೇಲಿನ ನಿಜವಾದ ಸಿಟ್ಟು ಬೇರೆ. ಒಮ್ಮೆ ನನ್ನ ಸೈಟಿಗೆ ಸರ್ವರ್ ಜಾಗ ಕೊಟ್ಟಿರುವ ಹೋಸ್ಟಿಂಗ್‌ನವರು ಏನೋ ಅಪ್‌ಡೇಟ್ ಮಾಡಿದರು, ಪ್ಲಗಿನ್ ತಾನಾಗೇ ಆಫ್ ಆಯಿತು. ಮೂರು ದಿನ ಒಂದು ಲಿಂಕೂ ತೆರೆಯಲಿಲ್ಲ, ನನಗೆ ಗೊತ್ತೂ ಆಗಲಿಲ್ಲ. ಅದು ಹೋದರೆ ಅದು ಮಾಡಿಕೊಟ್ಟ ವಿಳಾಸಗಳೂ ಹೋದವು ಅಂತಲೇ ಲೆಕ್ಕ. ಕ್ಲಿಕ್ ಎಣಿಕೆಯನ್ನೂ ನಂಬಬೇಡಿ, ಗೂಗಲ್‌ನಂಥವರು ಸೈಟು ಜಾಲಾಡಲು ಬಿಡುವ ಬಾಟ್ ಎಂಬ ತಂತ್ರಾಂಶಗಳನ್ನೂ ಸೇರಿಸಿಕೊಂಡು ಎಣಿಸಿ ಖುಷಿಪಡಿಸುತ್ತದೆ.

ಅಷ್ಟರಲ್ಲಿ ಅಮೆಜಾನ್‌ನ ಕಮಿಷನ್ ಯೋಜನೆ ‘ಅಸೋಸಿಯೇಟ್ಸ್’ನ ನಿಯಮ ಕೂತು ಓದಿದೆ. ಲಿಂಕ್ ಅಮೆಜಾನ್‌ಗೇ ಹೋಗುತ್ತದೆ ಅಂತ ಗೊತ್ತಾಗದ ಹಾಗೆ ಮುಚ್ಚುವುದು, ಮೊಟಕು ಮಾಡುವುದು ಅಲ್ಲಿ ನಿಷಿದ್ಧ. ಮೊದಲೇ ಓದಬೇಕಿತ್ತು. ಒಂದು ಭಾನುವಾರ ಪೂರ್ತಿ ಕೂತು ಆ ಲಿಂಕುಗಳನ್ನೆಲ್ಲ ಬಿಚ್ಚಿ, ಅವರೇ ಮಾಡಿಕೊಡುವ ಚಿಕ್ಕ ಲಿಂಕ್ ಹಾಕಿದೆ.

ಮನಸ್ಸು ಬದಲಾಗಿದ್ದು ಮಾತ್ರ ನಿಯಮದಿಂದಲ್ಲ, ವಿದ್ಯಾನಗರದ ನಮ್ಮ ಪಕ್ಕದ ಮನೆ ಅಕ್ಕನಿಂದ. ಬೇರೊಂದು ಅಂಗಡಿಯ ಲಿಂಕ್ ಕಳಿಸಿದ್ದೆ. ಅವರು ಒತ್ತಲಿಲ್ಲ. ಕನ್ನಡಕ ಮೇಲೇರಿಸಿ, ಫೋನನ್ನು ನನ್ನ ಮುಖಕ್ಕೇ ಹಿಡಿದರು. "ಇದ್ರಾಗೆ ಅಂಗಡಿ ಹೆಸ್ರೇ ಇಲ್ಲಲ್ಲಪ್ಪ? ಮೊನ್ನೆ ಕೊರಿಯರ್ ಅಂತ ಬಂದ ಮೋಸದ ಮೆಸೇಜೂ ಹಿಂಗೇ ಇತ್ತು." ನೀಟಾಗಿ ಕಾಣಲಿ ಅಂತ ನಾನು ದುಡ್ಡು ಕೊಟ್ಟು ಮಾಡಿದ್ದು, ಅವರ ಕಣ್ಣಿಗೆ ಕಳ್ಳನ ಮುಸುಕು. ತಪ್ಪು ಹೇಳಲಿಕ್ಕಾಗುತ್ತಾ?

ಅವತ್ತಿನಿಂದ ಪ್ರತಿ ಲಿಂಕಿನ ಪಕ್ಕ ಅಂಗಡಿ ಹೆಸರು ಬರೆಯುತ್ತೇನೆ. ಲೇಖನದ ತಲೆಯಲ್ಲೇ ‘ಇಲ್ಲಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ’ ಅಂತ ಒಂದು ಸಾಲು. ದುಡ್ಡಿನ ಸಂಬಂಧ ಇದ್ದರೆ ಓದುಗರಿಗೆ ಕಾಣುವಂತೆ ಹೇಳಿ ಅಂತ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲಿ ಹೇಳಿವೆ. ನನ್ನ ಕಿವಿಗೆ ಬಿದ್ದಿದ್ದು ಅಕ್ಕ ಬೈದ ಮೇಲೆ.

ಹಾಗಾದರೆ ಪ್ಲಗಿನ್ ಯಾಕೆ ಇಟ್ಟುಕೊಂಡಿದ್ದೀಯ ಅಂದರೆ, ಒಂದೇ ಲಿಂಕ್ ನನ್ನ ಹನ್ನೆರಡು ಲೇಖನಗಳಲ್ಲಿದೆ. ಮಾಲು ಬದಲಾದರೆ ಒಂದು ಕಡೆ ತಿದ್ದಿದರೆ ಸಾಕು. ಇದು ದುಡ್ಡಿನ ಸಂಬಂಧದ ಲಿಂಕ್ ಅಂತ ಹುಡುಕಾಟದವರಿಗೆ ತಿಳಿಸಲು ಗೂಗಲ್ 2019ರಲ್ಲಿ ತಂದ ‘ಸ್ಪಾನ್ಸರ್ಡ್’ ಗುರುತನ್ನೂ ಒಂದು ಟಿಕ್ ಹಾಕಿದರೆ ತಾನೇ ಸೇರಿಸುತ್ತದೆ. ಇಷ್ಟಕ್ಕೆ ಉಚಿತ ಆವೃತ್ತಿಯೇ ಜಾಸ್ತಿ. ಡಾಲರ್ ಲೆಕ್ಕದಲ್ಲಿ ಕಟ್ಟಿಸಿಕೊಳ್ಳುವ ನವೀಕರಣ ಮುಂದಿನ ತಿಂಗಳು ಬರುತ್ತದೆ, ಕಟ್ಟುವುದಿಲ್ಲ. ಐದಕ್ಕೆ ಮೂರು ಸ್ಟಾರ್.

ಅಕ್ಕ ಹಂಚು ತಗೊಂಡರು. ಮಂಡಿಪೇಟೆಯಲ್ಲಿ, ತೂಕ ಹಾಕಿಸಿ, ನಗದು ಕೊಟ್ಟು.