43 ಇಂಚಿನ 4ಕೆ ಟಿವಿ: ಮಲೆನಾಡಿನ ಮನೆಯಲ್ಲಿ ಐದು ವರ್ಷ

ಈ ಟಿವಿ ನಮ್ಮ ಮನೆಗೆ ಬಂದದ್ದು 2020ರ ದೀಪಾವಳಿಗೆ. ಕೊಳ್ಳುವ ಮೊದಲು ನಾನು ಓದಿದ ವಿಮರ್ಶೆಗಳೆಲ್ಲ ಡಬ್ಬ ತೆರೆದ ವಾರದಲ್ಲೇ ಬರೆದವು. ಮೂರು ವರ್ಷ ಓಡಿದ ಟಿವಿ ಹೇಗಿರುತ್ತದೆ ಅಂತ ಯಾರೂ ಬರೆದಿರಲಿಲ್ಲ. ಅದಕ್ಕೇ ಐದು ವರ್ಷ ತುಂಬಿದ ಮೇಲೆ ಬರೆಯಲು ಕೂತಿದ್ದೇನೆ.

ಸಾಗರದ ಹತ್ತಿರದ ಹಳ್ಳಿ ನಮ್ಮದು. ಮನೆಯಲ್ಲಿ ಅತ್ತೆ, ಮಾವ, ಇವರು, ನಾನು, ಮಗಳು. ಟಿವಿ ದಿನಕ್ಕೆ ಐದಾರು ಗಂಟೆ ಓಡುತ್ತದೆ. ಬೆಳಿಗ್ಗೆ ಮಾವನ ವಾರ್ತೆ, ಸಂಜೆ ಅತ್ತೆಯ ಧಾರಾವಾಹಿ, ರಜಾದಿನ ಮಗಳ ಕಾರ್ಟೂನು. ಆಗ ಕೊಟ್ಟ ಬೆಲೆ ₹27,000. ಕಂಪನಿಯ ಹೆಸರು ಬರೆಯುತ್ತಿಲ್ಲ. ನಮ್ಮ ಅನುಭವ ಈ ಬೆಲೆಯ ಹೆಚ್ಚುಕಡಿಮೆ ಎಲ್ಲ ಎಲ್‌ಇಡಿ ಟಿವಿಗೂ ಹೊಂದುತ್ತದೆ.

ಮೊದಲು ಅಂಗಡಿಯ ಮಾತು. ಅಲ್ಲಿ ಸಾಲಾಗಿ ಹಚ್ಚಿಟ್ಟ ಟಿವಿಗಳಲ್ಲಿ ನವಿಲು, ಸಮುದ್ರ, ಹಣ್ಣಿನ ಬುಟ್ಟಿ ಓಡುತ್ತಿದ್ದವು. ಯಾವುದು ಹೆಚ್ಚು ಹೊಳೆಯಿತೋ ಅದನ್ನೇ ಆರಿಸಿದೆವು. ಆ ಹೊಳಪು ಅಂಗಡಿಗೆಂದೇ ಇರುವ ಸೆಟ್ಟಿಂಗ್ ಅಂತ ನಮಗೆ ಗೊತ್ತಿರಲಿಲ್ಲ. ಟಿವಿಯನ್ನು ಮೊದಲ ಸಲ ಹಚ್ಚಿದಾಗ ಅದು ಮನೆಗೋ ಅಂಗಡಿಗೋ ಎಂದು ಕೇಳುತ್ತದೆ. ಜೋಡಿಸಲು ಬಂದ ಹುಡುಗ ಅವಸರದಲ್ಲಿ ಏನು ಒತ್ತಿದನೋ, ನಮ್ಮ ಟಿವಿ ‘ವಿವಿಡ್’ ಎಂಬ ಆ ಹೊಳಪಿನ ಸೆಟ್ಟಿಂಗ್‌ನಲ್ಲಿ, ಬ್ಯಾಕ್‌ಲೈಟ್ (ಪರದೆಯ ಹಿಂದಿನ ದೀಪ) ನೂರಕ್ಕೆ ನೂರು ಇಟ್ಟುಕೊಂಡು ಮೂರೂಮುಕ್ಕಾಲು ವರ್ಷ ಓಡಿತು. ಇದರ ಪರಿಣಾಮ ಮುಂದೆ ಹೇಳುತ್ತೇನೆ.

ಮನೆಗೆ ತಂದ ದಿನವೇ ಒಂದು ತೊಡಕಾಯಿತು. ನಮ್ಮದು ಹಳೇ ಮಣ್ಣಿನ ಗೋಡೆ, ಮೊಳೆ ಹಿಡಿಯುವುದಿಲ್ಲ. ಸರಿ, ಮೇಜಿನ ಮೇಲೇ ಇಡೋಣ ಎಂದರೆ ಈ ಟಿವಿಗೆ ನಡುವೆ ಕಾಲಿಲ್ಲ, ಎರಡೂ ತುದಿಗೆ ಒಂದೊಂದು ಕಾಲು. 43 ಇಂಚಿನ ಪರದೆ ಅಡ್ಡಕ್ಕೆ ಸುಮಾರು 95 ಸೆಂಟಿಮೀಟರ್ ಇರುತ್ತದೆ. ನಮ್ಮ ಮೇಜು ಎರಡೂವರೆ ಅಡಿ. ಒಂದು ಕಾಲು ಗಾಳಿಯಲ್ಲಿ! ಆ ರಾತ್ರಿ ಮೇಜಿನ ಮೇಲೆ ಹಲಗೆ ಹಾಕಿ ನಿಲ್ಲಿಸಿದೆವು, ಆಮೇಲೆ ಆಚಾರರ ಹತ್ತಿರ ಹೊಸ ಮೇಜು ಮಾಡಿಸಿದೆವು. ಟಿವಿ ನೋಡಲು ಹೋಗುವಾಗ ಅಳತೆ ಟೇಪು ಜೊತೆಗಿರಲಿ. ಮೇಜಿನ ಮೇಲೆ ಇಟ್ಟದ್ದೂ ಒಳ್ಳೆಯದೇ ಆಯಿತು. ನೆಲದ ಮೇಲೆ ಕೂತು ನೋಡುವವರಿಗೆ ಕತ್ತು ಎತ್ತಬೇಕಾಗಿಲ್ಲ.

ನೆಲದ ಮೇಲೆ ಕೂತು ನೋಡುವವರು ನಮ್ಮಲ್ಲಿ ತುಂಬ. ಕೊಯ್ಲಿನ ಕಾಲದಲ್ಲಿ ರಾತ್ರಿ ಹತ್ತು ಹನ್ನೊಂದರವರೆಗೂ ಅಡಿಕೆ ಸುಲಿಯುವ ಕೆಲಸ ನಡೆಯುತ್ತದೆ. ಅಕ್ಕಪಕ್ಕದ ಮನೆಯವರೂ ಬರುತ್ತಾರೆ. ಹಾಲಿನ ತುಂಬ ಅರ್ಧಚಂದ್ರದ ಹಾಗೆ ಕೂತು, ಕೈ ಅಡಿಕೆಯಲ್ಲಿ, ಕಣ್ಣು ಟಿವಿಯಲ್ಲಿ. ಮೊದಲ ವರ್ಷವೇ ಮೂಲೆಯಲ್ಲಿ ಕೂತ ಅತ್ತೆ, ‘ಇಲ್ಲಿಂದ ಎಲ್ಲರ ಮುಖವೂ ಸುಣ್ಣ ಬಳಿದ ಹಾಗೆ ಕಾಣ್ತದಲ್ಲೇ’ ಎಂದರು. ನಾನು ಹೋಗಿ ಅವರ ಪಕ್ಕ ಕೂತು ನೋಡಿದೆ. ನಿಜ. ನೇರಕ್ಕೆ ಕೂತರೆ ಕಪ್ಪು ಕೂದಲು, ಕೆಂಪು ಸೀರೆ. ಮೂಲೆಯಿಂದ ಅದೇ ಕೂದಲು ಬೂದಿ, ಅದೇ ಸೀರೆ ತಿಳಿ ಗುಲಾಬಿ.

ಕಾರಣ ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಗಾಜು. ಎಲ್‌ಇಡಿ ಟಿವಿಗಳಲ್ಲಿ ಮುಖ್ಯವಾಗಿ ಎರಡು ಬಗೆ, ವಿಎ ಮತ್ತು ಐಪಿಎಸ್. ವಿಎಯಲ್ಲಿ ಕಪ್ಪು ಚೆನ್ನಾಗಿ ಕಪ್ಪಾಗಿಯೇ ಕಾಣುತ್ತದೆ, ರಾತ್ರಿ ದೀಪ ಆರಿಸಿ ಸಿನಿಮಾ ನೋಡಲು ಚೆಂದ. ಆದರೆ ಪಕ್ಕದಿಂದ ನೋಡಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ಐಪಿಎಸ್‌ನಲ್ಲಿ ಪಕ್ಕದಿಂದಲೂ ಬಣ್ಣ ನಿಲ್ಲುತ್ತದೆ, ಕತ್ತಲೆ ಕೋಣೆಯಲ್ಲಿ ಮಾತ್ರ ಕಪ್ಪು ಸ್ವಲ್ಪ ಬೂದಿ ಬೂದಿ. ನಮ್ಮದು ವಿಎ. ಇಬ್ಬರೇ ಸೋಫಾದಲ್ಲಿ ಎದುರಿಗೆ ಕೂತು ನೋಡುವ ಮನೆಗೆ ಇದು ಒಳ್ಳೆಯ ಆಯ್ಕೆ, ನಮ್ಮಂಥ ಮನೆಗೆ ಅಲ್ಲ. ಎಷ್ಟೋ ಸಲ ಡಬ್ಬದ ಮೇಲೆ ಇದನ್ನು ಬರೆದಿರುವುದೇ ಇಲ್ಲ. ಅಂಗಡಿಯಲ್ಲಿ ಪಕ್ಕಕ್ಕೆ ಸರಿದು, ಓರೆಯಾಗಿ ನಿಂತು ಒಬ್ಬ ಮನುಷ್ಯನ ಮುಖದ ಬಣ್ಣ ನೋಡಿ. ನವಿಲು ಬೇಡ, ಮುಖ ನೋಡಿ. ವಾರ್ತೆ ಹಾಕಿ ಅಂತ ಕೇಳಿದರೆ ಹಾಕುತ್ತಾರೆ.

4ಕೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫುಲ್ ಎಚ್‌ಡಿಗಿಂತ ನಾಲ್ಕು ಪಟ್ಟು ಚುಕ್ಕಿಗಳು, 3840 ಅಡ್ಡಕ್ಕೆ, 2160 ಉದ್ದಕ್ಕೆ. ಆದರೆ ನಮ್ಮ ಡಿಶ್‌ನ ಹಳೇ ಎಸ್‌ಡಿ ಬಾಕ್ಸ್ ಕೊಡುತ್ತಿದ್ದದ್ದು 576 ಗೆರೆಯ ಚಿತ್ರ. ಹಳದಿ, ಕೆಂಪು, ಬಿಳಿ ವೈರಿನಲ್ಲಿ ಅದನ್ನು ಹೊಸ ಟಿವಿಗೆ ಸಿಕ್ಕಿಸಿದಾಗ ಮಾವ, ‘ಹಳೇ ಡಬ್ಬ ಟಿವಿಯೇ ಚೆನ್ನಾಗಿತ್ತಲ್ಲ’ ಎಂದಿದ್ದರು. ಅವರು ಹೇಳಿದ್ದು ಸರಿ. ಚಿಕ್ಕ ಚಿತ್ರವನ್ನು ದೊಡ್ಡ ಪರದೆಗೆ ಹಿಗ್ಗಿಸಿದರೆ ಮಸುಕಾಗಲೇಬೇಕು. ಎಚ್‌ಡಿ ಬಾಕ್ಸ್ ತರಿಸಿ, ಎಚ್‌ಡಿಎಂಐ ವೈರ್ ಹಾಕಿದ ಮೇಲೆ ಟಿವಿಗೆ ಕೊಟ್ಟ ದುಡ್ಡು ಕಣ್ಣಿಗೆ ಕಂಡಿತು. ಎಚ್‌ಡಿಆರ್ (ಬೆಳಕು, ಕತ್ತಲೆಯ ವ್ಯತ್ಯಾಸವನ್ನು ಎದ್ದು ತೋರಿಸುವ ಸೌಲಭ್ಯ) ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿದ್ದಾರೆ. ಈ ಬೆಲೆಯ ಪರದೆಗೆ ಅದನ್ನು ತೋರಿಸುವಷ್ಟು ಬೆಳಕಿಲ್ಲ. ಅದಕ್ಕೆಂದು ಹೆಚ್ಚು ಹಣ ಕೊಡಬೇಡಿ.

ಧ್ವನಿ ಈ ಟಿವಿಯ ಬಡವಾದ ಭಾಗ. ಸ್ಪೀಕರ್ ಕೆಳಮುಖವಾಗಿದೆ. ಮಾವ ಯೂಟ್ಯೂಬ್‌ನಲ್ಲಿ ಯಕ್ಷಗಾನ ಹಾಕಿದರೆ ಚೆಂಡೆ ಮನೆಯೆಲ್ಲ ಕೇಳುತ್ತದೆ, ಅರ್ಥಗಾರಿಕೆಯ ಮಾತು ಮಾತ್ರ ಬಾವಿಯೊಳಗಿಂದ ಬಂದ ಹಾಗೆ. ಎರಡನೇ ವರ್ಷ ಒಂದು ಚಿಕ್ಕ ಸೌಂಡ್‌ಬಾರ್ ತಂದೆವು. ಎರಡು ದಿನ ಅದರಿಂದ ಸದ್ದೇ ಬರಲಿಲ್ಲ. ಟಿವಿಯಲ್ಲಿ ಮೂರು ಎಚ್‌ಡಿಎಂಐ ಕಿಂಡಿ ಇದ್ದರೂ ಎಆರ್‌ಸಿ ಅಂತ ಬರೆದ ಒಂದರಲ್ಲಿ ಮಾತ್ರ ಧ್ವನಿ ಹೊರಗೆ ಹೋಗುತ್ತದೆ. ಅಲ್ಲಿಗೆ ಬದಲಾಯಿಸಿದ ಕೂಡಲೇ ಮಾತು ಬಂತು. ಮಾವನಿಗೆ ಆದ ಖುಷಿ ನೋಡಿ, ಆ ದುಡ್ಡು ಮೊದಲೇ ಖರ್ಚು ಮಾಡಬೇಕಿತ್ತು ಅನಿಸಿತು.

ಸ್ಮಾರ್ಟ್ ಎನ್ನುವ ಭಾಗಕ್ಕೆ ಆಯಸ್ಸು ಕಡಿಮೆ. 1.5 ಜಿಬಿ ರ‍್ಯಾಮ್, 8 ಜಿಬಿ ಜಾಗ. ಮೊದಲ ಎರಡು ವರ್ಷ ಚುರುಕು. ಮೂರನೆಯದಕ್ಕೆ ರಿಮೋಟ್ ಒತ್ತಿದರೆ ಯೋಚನೆ ಮಾಡಿ ಮುಂದೆ ಹೋಗುವ ಹಾಗಾಯಿತು. ಸಾಫ್ಟ್‌ವೇರ್ ಅಪ್‌ಡೇಟ್ ನಿಂತಿತು. ಒಂದು ಆ್ಯಪ್ ತೆರೆಯುವುದನ್ನೇ ಬಿಟ್ಟಿತು. ಟಿವಿ ಬದಲಿಸಬೇಕೇನೋ ಅಂದುಕೊಂಡಿದ್ದೆವು. ಬೇಕಾಗಲಿಲ್ಲ. ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ ಒಂದು ಸ್ಟಿಕ್ ತಂದು ಹಾಕಿದೆವು, ಪರದೆ ಅದೇ, ಒಳಗಿನ ಮಿದುಳು ಹೊಸದು. ಹಾಗಾಗಿ ಟಿವಿ ಆರಿಸುವಾಗ ಪ್ರೊಸೆಸರ್, ಆ್ಯಪ್ ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ಪರದೆ ನೋಡುವುದು ಮೇಲು.

ಈಗ ಆ ಬ್ಯಾಕ್‌ಲೈಟ್ ವಿಷಯ.

2024ರ ಜುಲೈ, ಜೋರು ಮಳೆ. ಸಂಜೆ ಧಾರಾವಾಹಿ ನಡೆಯುತ್ತಿತ್ತು. ಪರದೆ ಒಮ್ಮೆ ಮಿನುಗಿ ಕಪ್ಪಾಯಿತು. ಮಾತು ಮಾತ್ರ ನಿಲ್ಲಲಿಲ್ಲ. ಟಿವಿ ಆರಿಸಿ ಹಚ್ಚಿದರೆ ಒಂದು ಕ್ಷಣ ಚಿತ್ರ, ಮತ್ತೆ ಕತ್ತಲೆ. ಶಿವಮೊಗ್ಗದಿಂದ, ಅಂದರೆ 70 ಕಿಲೋಮೀಟರ್ ದೂರದಿಂದ, ಕಂಪನಿಯ ಸರ್ವಿಸ್‌ನವರು ಬರಲು ಎಂಟು ದಿನ ಆಯಿತು. ಹತ್ತು ನಿಮಿಷ ನೋಡಿದರು, ಬಿಚ್ಚಲಿಲ್ಲ. ಪ್ಯಾನೆಲ್ ಹೋಗಿದೆ, ಬದಲಿಸಲು ₹18,500 ಎಂದರು. ವಾರಂಟಿ ಮುಗಿದು ಎಷ್ಟೋ ಕಾಲವಾಗಿತ್ತು. ಹದಿನೆಂಟು ಸಾವಿರ ಕೊಡುವ ಬದಲು ಹೊಸದೇ ಬರುತ್ತದಲ್ಲ ಎಂದು ಇವರು ಹೇಳಿದರು. ನನಗೆ ಮನಸ್ಸು ಒಪ್ಪಲಿಲ್ಲ.

ಸಾಗರದಲ್ಲಿ ಟಿವಿ ರಿಪೇರಿ ಮಾಡುವ ಒಬ್ಬ ಹುಡುಗನಿದ್ದಾನೆ. ಬಂದವನೇ ಕೋಣೆಯ ದೀಪ ಆರಿಸಿ, ಟಿವಿ ಹಚ್ಚಿ, ಮೊಬೈಲ್ ಟಾರ್ಚನ್ನು ಪರದೆಗೆ ಒತ್ತಿ ಹಿಡಿದ. ‘ಅಕ್ಕಾ, ಇಲ್ನೋಡಿ’ ಎಂದ. ಟಾರ್ಚಿನ ಬೆಳಕು ಬಿದ್ದ ಅಂಗೈಯಗಲ ಜಾಗದಲ್ಲಿ ವಾರ್ತೆ ಓದುವ ಹೆಣ್ಣುಮಗಳ ಕಣ್ಣು, ಮೂಗು ಮಸುಕಾಗಿ ಅಲುಗಾಡುತ್ತಿದ್ದವು. ಚಿತ್ರ ಅಲ್ಲೇ ಇತ್ತು! ‘ಪ್ಯಾನೆಲ್ ಗಟ್ಟಿ ಇದೆ ಅಕ್ಕಾ, ಹಿಂದಿನ ದೀಪ ಹೋಗಿದೆ ಅಷ್ಟೇ.’

ಟಿವಿಯನ್ನು ಅವನ ಅಂಗಡಿಗೆ ಒಯ್ದೆವು. ಕಂಬಳಿ ಹಾಸಿ ಟಿವಿ ಮಲಗಿಸಿದ. ಚೌಕಟ್ಟು ಬಿಚ್ಚಿ, ಇಬ್ಬರು ಎರಡು ಕಡೆ ಹಿಡಿದು ಗಾಜನ್ನು ಎತ್ತಿದರು. ಹಪ್ಪಳದಷ್ಟು ತೆಳು. ಅದರ ಹಿಂದೆ ಮೂರು ಬಿಳಿ ಹಾಳೆ, ಅದರ ಹಿಂದೆ ಎಲ್‌ಇಡಿ ಪಟ್ಟಿಗಳು. ಅವನು ಟೆಸ್ಟರಿನ ಎರಡು ಮುಳ್ಳು ಮುಟ್ಟಿಸುತ್ತಾ ಹೋದಂತೆ ಒಂದೊಂದೇ ದೀಪ ಬೆಳಗಿತು. ಎರಡನೇ ಪಟ್ಟಿಯಲ್ಲಿ ಒಂದು ಬೆಳಗಲಿಲ್ಲ. ಅದರ ನಡುವೆ ಸಾಸಿವೆಯಷ್ಟು ಕಪ್ಪು ಸುಟ್ಟ ಕಲೆ. ಹಬ್ಬಕ್ಕೆ ಕಟ್ಟುವ ಸೀರಿಯಲ್ ಸೆಟ್ಟಿನ ಹಾಗೆ ಇವೂ ಸಾಲಾಗಿ ಒಂದಕ್ಕೊಂದು ಜೋಡಿಸಿದವು. ಒಂದು ಹೋದರೆ ಸಾಲೇ ಆರುತ್ತದೆ. ಉಳಿದವಕ್ಕೂ ಅಷ್ಟೇ ವಯಸ್ಸಾಗಿದೆ ಎಂದು ಎಲ್ಲ ಪಟ್ಟಿಯನ್ನೂ ಬದಲಿಸಿದ. ಎಲ್ಲ ಸೇರಿ ₹2,400.

ಕೊನೆಗೆ ಸೆಟ್ಟಿಂಗ್ ತೆರೆದು ನೋಡಿ ಅವನು ತಲೆ ಆಡಿಸಿದ. ‘ನೂರರಲ್ಲಿ ಇಟ್ಟಿದ್ದೀರಲ್ಲಕ್ಕಾ, ಕಾದು ಕಾದು ಸುಟ್ಟಿದೆ.’ ಐವತ್ತಕ್ಕೆ ಇಳಿಸಿದ. ಮೊದಲ ದಿನ ಮಂಕು ಅನಿಸಿತು. ನಾಲ್ಕನೇ ದಿನಕ್ಕೆ ಯಾರಿಗೂ ನೆನಪೇ ಇಲ್ಲ. ದಯವಿಟ್ಟು ಇವತ್ತೇ ನಿಮ್ಮ ಮನೆಯ ಟಿವಿಯ ಬ್ಯಾಕ್‌ಲೈಟ್ ಎಷ್ಟರಲ್ಲಿದೆ ನೋಡಿ. ಬ್ರೈಟ್‌ನೆಸ್ ಬೇರೆ, ಬ್ಯಾಕ್‌ಲೈಟ್ ಬೇರೆ. ಕೆಲವು ಟಿವಿಗಳಲ್ಲಿ ಹೆಸರು ಬೇರೆ ಇರುತ್ತದೆ, ಹುಡುಕಬೇಕು.

ಕ್ಯೂಎಲ್‌ಇಡಿ ಅಂತ ಮಾರುವ ಟಿವಿಗೂ ಈ ಮಾತು ಅನ್ವಯಿಸುತ್ತದೆ, ಅದರ ಹಿಂದೆಯೂ ಇರುವುದು ಎಲ್‌ಇಡಿಯೇ. ಓಎಲ್‌ಇಡಿಯಲ್ಲಿ ಹಿಂದಿನ ದೀಪ ಇರುವುದಿಲ್ಲ, ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ. ಚಿತ್ರ ಬಹಳ ಚೆನ್ನ. ಆದರೆ ಮಾವನ ಹಾಗೆ ದಿನವೂ ಗಂಟೆಗಟ್ಟಲೆ ಒಂದೇ ವಾರ್ತಾ ಚಾನೆಲ್ ನೋಡುವ ಮನೆಯಲ್ಲಿ ಆ ಲೋಗೋದ ಗುರುತು ಪರದೆಗೆ ಅಂಟಿಕೊಳ್ಳುವ ಅಪಾಯ ಇದೆ.

ನಮ್ಮ ಕಡೆಯವರಿಗೆ ಸಿಡಿಲಿನ ಮಾತನ್ನೂ ಹೇಳಲೇಬೇಕು. ಏಪ್ರಿಲ್, ಮೇನಲ್ಲಿ ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಕೀಳಬೇಕು, ಡಿಶ್‌ನ ವೈರನ್ನೂ ಬಾಕ್ಸಿನಿಂದ ಬಿಚ್ಚಬೇಕು, ಇಂಟರ್‌ನೆಟ್ ವೈರ್ ಇದ್ದರೆ ಅದನ್ನೂ. ಪಕ್ಕದ ಮನೆಯವರು ಪ್ಲಗ್ ಕಿತ್ತಿದ್ದರು, ಡಿಶ್ ವೈರ್ ಮರೆತಿದ್ದರು. ಬಾಕ್ಸೂ ಹೋಯಿತು, ಟಿವಿಯ ಬೋರ್ಡೂ ಹೋಯಿತು. ಸ್ಪೈಕ್ ಗಾರ್ಡ್ ಇದ್ದರೆ ಒಳ್ಳೆಯದು, ಆದರೆ ಮನೆಯ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದರಿಂದ ಪೂರ್ತಿ ಕೆಲಸ ಆಗುವುದಿಲ್ಲ. ಸ್ಟೆಬಿಲೈಸರ್ ನಾವು ಹಾಕಿಲ್ಲ. ಟಿವಿಯ ಹಿಂದೆ 100ರಿಂದ 240 ವೋಲ್ಟ್ ಅಂತ ಬರೆದಿದೆ, ಲೋ ವೋಲ್ಟೇಜಿನಲ್ಲೂ ಇದುವರೆಗೆ ತೊಂದರೆ ಆಗಿಲ್ಲ.

ಈ ದೀಪಾವಳಿಗೆ ಹುಬ್ಬಳ್ಳಿಯಲ್ಲಿರುವ ತಂಗಿ ಟಿವಿ ಕೊಂಡಳು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಯ ಜಿಎಸ್‌ಟಿ 28ರಿಂದ ಶೇಕಡಾ 18ಕ್ಕೆ ಇಳಿದಿದೆ, ಆ ಲಾಭ ಅವಳಿಗೆ ಸಿಕ್ಕಿತು. ಎರಡು ಮಾದರಿಗಳಲ್ಲಿ ಯಾವುದು ಅಂತ ಫೋನ್ ಮಾಡಿದಾಗ ನಾನು ಕೇಳಿದ್ದು, ಯಾವುದರ ಸರ್ವಿಸ್ ಸೆಂಟರ್ ನಿಮ್ಮ ಊರಲ್ಲೇ ಇದೆ ಅಂತ. ಎರಡನೆಯದರದ್ದು ಇತ್ತು. ₹1,500 ಹೆಚ್ಚಾದರೂ ಅದನ್ನೇ ತೆಗೆದುಕೊಳ್ಳಲು ಹೇಳಿದೆ. ಬಿಲ್ಲು, ವಾರಂಟಿ ಕಾರ್ಡಿನ ಫೋಟೋ ತೆಗೆದಿಟ್ಟುಕೊಳ್ಳಲು ಹೇಳಿದೆ. ವಾರಂಟಿ ಇರುವಾಗ ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಆಗ ಬಿಲ್ಲು ಬೇಕಾಗುತ್ತದೆ.

ನಮ್ಮ ಟಿವಿ ಈಗಲೂ ಓಡುತ್ತಿದೆ. ಹೋದ ವಾರ ಎಡಗಡೆ ಕೆಳಮೂಲೆಯಲ್ಲಿ ರೂಪಾಯಿಯಷ್ಟು ಬಿಳಿ ಮಚ್ಚೆ ಕಾಣಿಸಿಕೊಂಡಿತು. ಮೊದಲು ನೋಡಿದವರು ಅತ್ತೆ. ಫೋಟೋ ಕಳಿಸಿದೆ. ಒಂದು ದೀಪದ ಮೇಲಿನ ಲೆನ್ಸ್ ಅಂಟು ಬಿಟ್ಟು ಬಿದ್ದಿರಬೇಕು, ಅವಸರವಿಲ್ಲ ಎಂದ ಆ ರಿಪೇರಿ ಹುಡುಗ. ಅಡಿಕೆ ಸುಲಿಯುವುದು ಮುಗಿಯಲಿ, ಆಮೇಲೆ ಒಯ್ಯುತ್ತೇವೆ.