ಪದಬಂಧಕ್ಕೆ ಫೋನೋ, ಟ್ಯಾಬೋ, 2ಬಿ ಪೆನ್ಸಿಲೋ?

ದಿನಪತ್ರಿಕೆಯ ಪದಬಂಧಕ್ಕೆ, ಅದರಲ್ಲೂ ಪದಗಳನ್ನು ತಿರುಗಿಸಿ, ಕತ್ತರಿಸಿ, ಕಲಸಿ ಆಟ ಕಟ್ಟಿದ ಪದಬಂಧಕ್ಕೆ, ಮೆತ್ತನೆಯ 2ಬಿ ಪೆನ್ಸಿಲು ಮತ್ತು ಕಾಗದವನ್ನು ಮೀರಿಸುವ ಸಾಧನ ನನಗೆ ಸಿಕ್ಕಿಲ್ಲ. ಫೋನಿನ ಆ್ಯಪ್, ಟ್ಯಾಬ್ ಮೇಲೆ ಸ್ಟೈಲಸ್ (ಪರದೆಯ ಮೇಲೆ ಬರೆಯುವ ಪೆನ್ನು), ಇ-ಪೇಪರ್‌ನಿಂದ ತೆಗೆಸಿದ ಪ್ರಿಂಟ್, ಮನೆಗೆ ಬರುವ ಪೇಪರ್, ಈ ನಾಲ್ಕನ್ನೂ ತಿಂಗಳುಗಟ್ಟಲೆ ಬಳಸಿ ನೋಡಿ ಈ ಮಾತು ಹೇಳುತ್ತಿದ್ದೇನೆ. ಸ್ಟೈಲಸ್ ಕೊಂಡದ್ದೇ ಈ ಕೆಲಸಕ್ಕೆ. ಆ ಖರ್ಚು ಬೇಕಿರಲಿಲ್ಲ.

ಹೋಲಿಸಲು ಒಂದೇ ಬಗೆಯ ಪದಬಂಧ ಇಟ್ಟುಕೊಂಡರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಹಿಂದಿನಿಂದ ಓದಿದರೂ ಅದೇ ಆಗುವ ಪದಗಳ ಆಟವನ್ನೇ ತೆಗೆದುಕೊಳ್ಳೋಣ. ಚಿಕ್ಕವು ಕಿಟಕಿ, ಗುಡುಗು, ಕಟುಕ, ನಯನ, ಗದಗ, ನರ್ತನ. ಉದ್ದದವು ವಿಕಟಕವಿ, ‘ಮದ್ರಾಸಿನ ಸಿದ್ರಾಮ’, ‘ಕುಬೇರನಿಗೇನಿರಬೇಕು’. ಇವುಗಳ ನಡುವೆ ತಿರುಗಿಸುವ, ಕತ್ತರಿಸುವ ಸುಳಿವುಗಳೂ ಇರುತ್ತವೆ. ಕಂಸದಲ್ಲಿರುವುದು ಉತ್ತರದ ಅಕ್ಷರಗಳ ಸಂಖ್ಯೆ. ‘ಹೊಳೆ ಹಿಂದಕ್ಕೆ ಹರಿದರೆ ಬೆಳಗಾಯಿತು (2)’ ಅಂದರೆ ನದಿ ತಿರುಗಿ ದಿನ. ‘ಕೋತಿ ತಿರುಗಿ ಕೂತರೆ ಹಾಡುತ್ತದೆ (2)’ ಅಂದರೆ ಕಪಿ ಹೋಗಿ ಪಿಕ. ‘ಕನ್ನಡಿಯ ಬಾಲ ಕತ್ತರಿಸಿದರೆ ಕಳ್ಳನ ಕೆಲಸ (2)’ ಎಂದರೆ ಕನ್ನ. ‘ಸಾಗರದ ಹೊಟ್ಟೆ ಬಗೆದರೆ ತಿರುಳು (2)’ ಎಂದರೆ ಸಾರ.

ಇವೆಲ್ಲ ನಡೆಯುವುದು ಕನ್ನಡದ ಒಂದು ಗುಣದಿಂದ. ನಮ್ಮ ಪದಬಂಧದ ಒಂದು ಮನೆಯಲ್ಲಿ ಕೂರುವುದು ಒಂದು ಪೂರ್ಣ ಅಕ್ಷರ. ಕಾಗುಣಿತ, ಒತ್ತು, ಸೊನ್ನೆ ಎಲ್ಲ ಅದರೊಳಗೇ ಬರಬೇಕು. ಆದ್ದರಿಂದ ‘ಸಂತಸ’ ಈ ಆಟಕ್ಕೆ ಬರುವುದಿಲ್ಲ, ‘ಸಂ’ ಬೇರೆ, ‘ಸ’ ಬೇರೆ. ‘ಮಧ್ಯಮ’ ಬರುತ್ತದೆ. ಫೋನು ಸೋಲುವುದು ನೇರ ಇಲ್ಲಿಯೇ.

ಫೋನಿಗೆ ‘ದ್ರಾ’ ಒಂದು ಅಕ್ಷರ ಅಲ್ಲ. ಕಂಪ್ಯೂಟರು, ಫೋನುಗಳು ಅಕ್ಷರ ಗುರುತಿಸಲು ಬಳಸುವ ಯೂನಿಕೋಡ್ ಲೆಕ್ಕದಲ್ಲಿ ಅದು ದ, ಒತ್ತು ಕೊಡುವ ಹಲಂತ, ರ, ದೀರ್ಘ ಎಂಬ ನಾಲ್ಕು ಸಂಕೇತ. ‘ಸ್ತ್ರೀ’ ಬರೆಯಲು ಆರು ಬೇಕು. ಇಂಗ್ಲಿಷ್ ಪದಬಂಧಕ್ಕೆಂದು ಮಾಡಿದ ಚೌಕಟ್ಟಿಗೆ ಕನ್ನಡ ಫಾಂಟು ತುಂಬಿ ಬಿಟ್ಟಿರುವ ಆ್ಯಪ್‌ನಲ್ಲಿ ಒಂದು ಮನೆ ಒಂದು ಸಂಕೇತವನ್ನಷ್ಟೇ ಹಿಡಿಯುತ್ತದೆ, ಮತ್ತು ಒತ್ತಿದ ಕೂಡಲೇ ಕರ್ಸರ್ ಮುಂದಿನ ಮನೆಗೆ ಹಾರುತ್ತದೆ. ‘ಮದ್ರಾಸಿನ ಸಿದ್ರಾಮ’ ಏಳು ಮನೆಯ ಉತ್ತರ. ಅದನ್ನು ಅಲ್ಲಿ ಬರೆಯಲು ಹೊರಟರೆ ಮೊದಲ ಮನೆಗೆ ಮ, ಎರಡನೆಯದಕ್ಕೆ ದ, ಮೂರನೆಯದರಲ್ಲಿ ಚುಕ್ಕಿಗಳ ವೃತ್ತಕ್ಕೆ ಅಂಟಿಕೊಂಡ ಬರೀ ಹಲಂತ, ನಾಲ್ಕರಲ್ಲಿ ರ, ಐದರಲ್ಲಿ ಇನ್ನೊಂದು ಚುಕ್ಕಿ ವೃತ್ತದ ಪಕ್ಕ ದೀರ್ಘ, ಆರರಲ್ಲಿ ಸ, ಏಳರಲ್ಲಿ ಗುಡಿಸು. ‘ಮದ್ರಾಸಿ’ ಎನ್ನುವಷ್ಟರಲ್ಲಿ ಏಳೂ ಮನೆ ಭರ್ತಿ! ಇನ್ನು ಎರಡನೇ ಮನೆಯಿಂದ ಕೆಳಗಿಳಿಯಬೇಕಾದ ‘ದ್ರಾಕ್ಷಿ’ಗೆ ದಾರಿ ಎಲ್ಲಿ?

ಕೊಂಚ ಉತ್ತಮವಾದ ಆ್ಯಪ್‌ಗಳು ಒಂದು ಮನೆಯಲ್ಲಿ ಹಲವು ಸಂಕೇತ ಹಿಡಿಯುತ್ತವೆ. ಅಲ್ಲಿ ಕಾಡುವುದು ಕೀಬೋರ್ಡು. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಕೀಬೋರ್ಡು ಇಡೀ ಪದವನ್ನು ಊಹಿಸಲು ಕಾಯುತ್ತದೆ. ಒಂದೇ ಅಕ್ಷರ ಬೇಕೆಂದರೆ ಸಲಹೆಯ ಪಟ್ಟಿಯಿಂದ ಆರಿಸಬೇಕು ಇಲ್ಲವೇ ಸ್ಪೇಸ್ ಒತ್ತಬೇಕು. ಸ್ಪೇಸ್ ಒತ್ತಿದರೆ ಆ ಖಾಲಿ ಜಾಗವೂ ಮನೆಯೊಳಗೆ ಹೋಗಿ ಕೂರುತ್ತದೆ. ಕಣ್ಣಿಗೆ ಕಾಣದಿದ್ದರೂ ‘ದ್ರಾ’ ಮತ್ತು ‘ದ್ರಾ’ದ ಮುಂದೊಂದು ಖಾಲಿ ಜಾಗ ಪ್ರೋಗ್ರಾಮಿಗೆ ಎರಡು ಬೇರೆ ಉತ್ತರಗಳು. ನೇರ ಕನ್ನಡ ಕೀಲಿಮಣೆ, ಅಂದರೆ ಇನ್‌ಸ್ಕ್ರಿಪ್ಟ್ ಅಥವಾ ನುಡಿ ವಿನ್ಯಾಸ ಬಳಸಿದರೆ ಈ ಕಾಟವಾದರೂ ತಪ್ಪುತ್ತದೆ.

ಇದಕ್ಕಿಂತ ಬೇಸರ ತರಿಸುವುದು ಸರಿಯುತ್ತರಕ್ಕೆ ಕೆಂಪು ಗುರುತು ಬೀಳುವುದು. ‘ನರ್ತನ’ದ ನಡುಮನೆಯನ್ನು ನೋಡಿ. ‘ರ್ತ’ ಎಂದು ಅರ್ಕಾವೊತ್ತಿನಲ್ಲಿ ಬರೆಯಬಹುದು, ‘ರ‍್ತ’ ಎಂದು ರಕಾರಕ್ಕೆ ತಕಾರದ ಒತ್ತು ಕೊಟ್ಟೂ ಬರೆಯಬಹುದು. ಓದುವವರಿಗೆ ಎರಡೂ ಒಂದೇ. ಎರಡನೆಯದರಲ್ಲಿ ಮಾತ್ರ ಕಣ್ಣಿಗೆ ಕಾಣದ ಜೋಡಣೆಯ ಸಂಕೇತವೊಂದು ಒಳಗಿರುತ್ತದೆ. ಉತ್ತರವನ್ನು ಒಂದು ಬಗೆಯಲ್ಲಿ ಸಂಗ್ರಹಿಸಿಟ್ಟು, ನಾವು ಇನ್ನೊಂದು ಬಗೆಯಲ್ಲಿ ಒತ್ತಿದರೆ ಅದು ತಪ್ಪು ಎನ್ನುತ್ತದೆ. ದೀರ್ಘಗಳಲ್ಲೂ ಹೀಗೆಯೇ. ‘ೀ’ ಎಂಬುದನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಗುಡಿಸು ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಇಡಬಹುದು. ‘ೇ’, ‘ೈ’, ‘ೊ’, ‘ೋ’ಗಳ ಕಥೆಯೂ ಅದೇ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕಾದದ್ದು ಆ್ಯಪ್ ಮಾಡಿದವರ ಕೆಲಸ. ಮಾಡದಿದ್ದರೆ ಬಿಡಿಸುವವರು ಸರಿಯಾದ ಉತ್ತರವನ್ನು ಅಳಿಸಿ ಬೇರೆ ಪದ ಹುಡುಕುತ್ತ ಕೂರುತ್ತಾರೆ. ಪದಬಂಧದಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ತಿರುಗಿಸುವ ಸುಳಿವುಗಳಿಗೆ ಅಂತರ್ಜಾಲದ ಅಕ್ಷರ ತಿರುಗಿಸುವ ಸಾಧನಗಳನ್ನೂ ನಂಬುವಂತಿಲ್ಲ. ಸಂಕೇತಗಳನ್ನು ತಿರುಗಿಸುವ ಸಾಧನಕ್ಕೆ ‘ನದಿ’ ಕೊಟ್ಟರೆ ‘ದಿನ’ ಬರುವುದಿಲ್ಲ, ಮೊದಲಿಗೆ ಅನಾಥ ಗುಡಿಸು, ಆಮೇಲೆ ‘ದನ’ ಬರುತ್ತದೆ.

ಒಂದು ಮನೆಗೆ ಹಲವು ಸಂಕೇತ ತುಂಬುವ ಆಟಕ್ಕೆ ಅಮೆರಿಕದ ಪತ್ರಿಕೆಗಳಲ್ಲಿ ಒಂದು ವಿಶೇಷ ಹೆಸರಿದೆ. ನ್ಯೂಯಾರ್ಕ್ ಟೈಮ್ಸ್‌ನ ಗುರುವಾರದ ಪದಬಂಧದಲ್ಲಿ ಆಗಾಗ ಒಂದೇ ಮನೆಗೆ ಹಲವು ಇಂಗ್ಲಿಷ್ ಅಕ್ಷರ ತುಂಬಬೇಕಾಗುತ್ತದೆ. ಅದನ್ನು ರೀಬಸ್ ಎನ್ನುತ್ತಾರೆ, ಅವರ ಆ್ಯಪ್‌ನಲ್ಲಿ ಅದಕ್ಕೆಂದೇ ಒಂದು ಕೀಲಿ ಇದೆ. ಅಲ್ಲಿ ಅಪರೂಪದ ತಂತ್ರವಾಗಿರುವುದು ನಮಗೆ ದಿನದ ಮಾಮೂಲು. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಮೊದಲ ಪದಬಂಧ ಕೊಟ್ಟಾಗಿನಿಂದ ಒಂದು ಮನೆಗೆ ಒಂದು ಇಂಗ್ಲಿಷ್ ಅಕ್ಷರ ಎಂಬುದೇ ಲೆಕ್ಕ. ಆ ಲೆಕ್ಕದ ಮೇಲೆ ಕಟ್ಟಿದ ಸಾಫ್ಟ್‌ವೇರ್ ಕನ್ನಡಕ್ಕೆ ಹಾಗೇ ಹೊಂದುವುದಿಲ್ಲ.

ಫೋನೇ ಬೇಕು ಎನ್ನುವವರು ಹೊಸ ಆ್ಯಪ್‌ನಲ್ಲಿ ಮೂರು ಪದ ಬರೆದು ನೋಡಿ: ಸ್ತ್ರೀ, ನರ್ತನ, ಕ್ಷಣ. ‘ಸ್ತ್ರೀ’ ಒಂದು ಮನೆಯಲ್ಲಿ, ‘ನರ್ತನ’ ಮೂರರಲ್ಲಿ, ‘ಕ್ಷಣ’ ಎರಡರಲ್ಲಿ ಕೂತರೆ ಮುಂದುವರಿಯಬಹುದು. ಸೆಟ್ಟಿಂಗ್ಸ್‌ನಲ್ಲಿ ಕರ್ಸರ್ ತಾನಾಗಿ ಮುಂದೆ ಹೋಗುವುದನ್ನೂ, ಒತ್ತಿದ ತಕ್ಷಣ ತಪ್ಪು ತೋರಿಸುವುದನ್ನೂ ನಿಲ್ಲಿಸಿ.

ಕಾಗದದ ಕಡೆ ಬರೋಣ. ಇಲ್ಲಿ ಪೆನ್ಸಿಲಿಗೆ ಇರುವ ಒಂದು ಅನುಕೂಲವನ್ನು ಫೋನು ಕೊಡಲಾರದು: ಅರ್ಧ ಗೊತ್ತಿರುವ ಅಕ್ಷರವನ್ನು ಅರ್ಧವೇ ಬರೆಯಬಹುದು. ಉತ್ತರದ ಕೊನೆ ‘ಗು’ ಇರಬಹುದು, ‘ಗಿ’ ಇರಬಹುದು, ‘ಗೆ’ ಇರಬಹುದು, ಗಕಾರ ಮಾತ್ರ ಖಂಡಿತ ಎನ್ನೋಣ. ಮನೆಯ ಎಡ ಮೇಲ್ಮೂಲೆಯಲ್ಲಿ ಸಂಖ್ಯೆ ಇರುತ್ತದೆ, ಆದ್ದರಿಂದ ಬಲ ಕೆಳಮೂಲೆಯಲ್ಲಿ ತೆಳುವಾಗಿ ತಲೆಕಟ್ಟಿಲ್ಲದ ಗಕಾರ ಬರೆದಿಡಿ. ಆ ಮನೆಯನ್ನು ದಾಟುವ ಇನ್ನೊಂದು ಪದ ಸಿಕ್ಕಾಗ ಕೊಂಬೋ ಗುಡಿಸೋ ಸೇರಿಸಿ ದೊಡ್ಡದಾಗಿ ಬರೆದರೆ ಆಯಿತು. ಒತ್ತಕ್ಷರ ಇರಬಹುದು ಎಂಬ ಅನುಮಾನವಿದ್ದರೆ ಮನೆಯ ಕೆಳಗೆರೆಗೆ ತಾಗಿಸಿ ಒಂದು ಚುಕ್ಕಿ ಇಡುವುದು ನನ್ನ ರೂಢಿ.

ಹಿಂದುಮುಂದು ಒಂದೇ ಆಗುವ ಪದಗಳಲ್ಲಿ ಇದರ ಲಾಭ ಎರಡರಷ್ಟು. ಉದ್ದದ ಉತ್ತರದ ನಡುಮನೆಯ ಹೊರಗೆರೆಯ ಮೇಲೆ ಒಂದು ಸಣ್ಣ ಗೀಟು ಹಾಕಿಕೊಳ್ಳಿ. ‘ಕುಬೇರನಿಗೇನಿರಬೇಕು’ ಒಂಬತ್ತು ಮನೆಯದಾದರೆ ಗೀಟು ಐದನೇ ಮನೆಗೆ. ದಾಟುವ ಪದದಿಂದ ಎರಡನೇ ಮನೆಗೆ ‘ಬೇ’ ಬಿದ್ದ ಕೂಡಲೇ ಎಂಟನೇ ಮನೆಗೂ ತೆಳುವಾಗಿ ‘ಬೇ’ ಬರೆಯಿರಿ. ಈಗ ಎಂಟನೇ ಮನೆಯಿಂದ ಕೆಳಗಿಳಿಯುವ ಚಿಕ್ಕ ಪದಕ್ಕೆ ಮೊದಲ ಅಕ್ಷರ ಪುಕ್ಕಟೆ ಸಿಕ್ಕಿತು. ಅದು ಹೊಂದದಿದ್ದರೆ ಎರಡನೇ ಮನೆಯೇ ತಪ್ಪು ಎಂದು ಬೇಗ ತಿಳಿಯುತ್ತದೆ. ನಡುಮನೆಗೆ ಜೋಡಿ ಇಲ್ಲ, ಅದನ್ನು ದಾಟುವ ಪದವೇ ಕೊಡಬೇಕು. ‘ನರ್ತನ’ದ ‘ರ್ತ’ ಮೇಲಿನಿಂದ ಇಳಿಯುವ ‘ಮುಹೂರ್ತ’ದಿಂದ ಬಂದಂತೆ. ಆದ್ದರಿಂದ ಮೊದಲು ನಡುಮನೆಗೆ ತಾಗುವ ಪದಗಳನ್ನು, ಆಮೇಲೆ ಒಂದು ಪಕ್ಕದವನ್ನು ಬಿಡಿಸುವುದು ಜಾಣತನ. ಇನ್ನೊಂದು ಪಕ್ಕ ತಾನಾಗಿ ತುಂಬುತ್ತದೆ.

ಪೆನ್ಸಿಲಿನ ಆಯ್ಕೆ ಕಾಗದವನ್ನು ಅವಲಂಬಿಸಿದೆ. ಪತ್ರಿಕೆ ಅಚ್ಚಾಗುವ ಕಾಗದ ಚದರ ಮೀಟರಿಗೆ 45ರಿಂದ 49 ಗ್ರಾಂ ತೂಗುವಂಥದ್ದು, ಜೆರಾಕ್ಸ್ ಕಾಗದ 70ರಿಂದ 80 ಗ್ರಾಂ. ಗಟ್ಟಿ ಕಡ್ಡಿಯ ಎಚ್‌ಬಿ ಪೆನ್ಸಿಲ್ ಪತ್ರಿಕೆಯ ಬೂದು ಬಣ್ಣದ ಮೇಲೆ ಮಸುಕಾಗಿ ಕಾಣುತ್ತದೆ, ಕಾಣಲೆಂದು ಒತ್ತಿದರೆ ಕಾಗದ ತಗ್ಗಾಗುತ್ತದೆ. 0.5 ಮಿ.ಮೀ. ಕಡ್ಡಿಯ ಮೆಕ್ಯಾನಿಕಲ್ ಪೆನ್ಸಿಲ್ ಒತ್ತಕ್ಷರದ ತಿರುವಿನಲ್ಲಿ ತೂತು ಮಾಡುತ್ತದೆ. ಬೇಕೆಂದರೆ 0.7ರದ್ದು ಪರವಾಗಿಲ್ಲ, ಅದಕ್ಕೂ 2ಬಿ ಕಡ್ಡಿ ಸಿಗುತ್ತದೆ. ಜೆಲ್ ಪೆನ್ನು ಬೇಡವೇ ಬೇಡ. ಈ ಕಾಗದ ಮಸಿ ಹೀರಿಕೊಂಡು ಹರಡುತ್ತದೆ, ಆರೇಳು ಮಿಲಿಮೀಟರಿನ ಮನೆಯಲ್ಲಿ ‘ಷ್ಟ್ರ’ ಬರೆದರೆ ಒಂದು ಮಸಿ ಚುಕ್ಕೆ ಉಳಿಯುತ್ತದೆ. ಬಾಲ್ ಪೆನ್ನಿನಲ್ಲಿ ಬರೆಯಬಹುದು, ತಿದ್ದುವಂತಿಲ್ಲ.

ಅಳಿಸುವುದು ಕಾಗದದ ನಿಜವಾದ ದೌರ್ಬಲ್ಯ. ಮೂರನೇ ಸಲ ಉಜ್ಜಿದಾಗ ನಾರು ಎದ್ದು ಮೇಲ್ಮೈ ತರಿಯಾಗುತ್ತದೆ, ಅಲ್ಲಿ ಬರೆದ ಅಕ್ಷರ ಹಿಂಜುತ್ತದೆ. ಪೆನ್ಸಿಲಿನ ಹಿಂದಿರುವ ಗುಲಾಬಿ ರಬ್ಬರಿನಿಂದ ಅಳಿಸಲೇಬೇಡಿ. ಮೆತ್ತನೆಯ ಬಿಳಿ ರಬ್ಬರನ್ನು ಒಂದೇ ದಿಕ್ಕಿಗೆ ಎಳೆಯಿರಿ, ಮನೆಯ ಸುತ್ತ ಎರಡು ಬೆರಳಿನಿಂದ ಕಾಗದ ಹಿಡಿದುಕೊಳ್ಳಿ. ಕೆಳಗೆ ಮಕ್ಕಳ ಪರೀಕ್ಷೆಯ ಪ್ಯಾಡ್ ಇರಲಿ. ಮಡಚಿದ ಪತ್ರಿಕೆಯ ಮೇಲೆಯೇ ಬರೆದರೆ ಮಡಿಕೆಯ ಗೆರೆಯಲ್ಲಿ ಕಾಗದ ಹರಿಯುತ್ತದೆ. ಮಳೆಗಾಲದಲ್ಲಿ ತೇವ ಹಿಡಿದ ಪೇಪರನ್ನು ಅರ್ಧ ಗಂಟೆ ಗಾಳಿಗೆ ಹರಡಿ ಆಮೇಲೆ ಪೆನ್ಸಿಲ್ ಹಿಡಿಯುವುದು ಲೇಸು.

ಟ್ಯಾಬ್‌ನಲ್ಲಿ ಇ-ಪೇಪರ್ ಪುಟದ ಸ್ಕ್ರೀನ್‌ಶಾಟ್ ತೆಗೆದು ಅದರ ಮೇಲೆ ಸ್ಟೈಲಸ್‌ನಿಂದ ಬರೆಯುವುದು ತತ್ವದಲ್ಲಿ ಪೆನ್ಸಿಲಿಗೆ ಸಮ, ಅರ್ಧ ಅಕ್ಷರವನ್ನೂ ಬರೆಯಬಹುದು, ಎಷ್ಟು ಸಲವಾದರೂ ಅಳಿಸಬಹುದು. ಆದರೆ ಅಗ್ಗದ ರಬ್ಬರ್ ತುದಿಯ ಸ್ಟೈಲಸ್‌ನ ತುದಿಯೇ ಒಂದು ಮನೆಯಷ್ಟು ದಪ್ಪ. ಹಿಗ್ಗಿಸಿ ಬರೆದರೆ ಸುಳಿವುಗಳು ಪರದೆಯಿಂದ ಆಚೆ ಹೋಗುತ್ತವೆ. ಸುಳಿವು ಓದಲು ಕುಗ್ಗಿಸಿ, ಬರೆಯಲು ಹಿಗ್ಗಿಸಿ, ಮತ್ತೆ ಕುಗ್ಗಿಸಿ ಎನ್ನುವಷ್ಟರಲ್ಲಿ ತಲೆಯಲ್ಲಿದ್ದ ಪದ ಮರೆತಿರುತ್ತದೆ. ಪರದೆಯನ್ನು ಎರಡು ಭಾಗ ಮಾಡಿ ಒಂದು ಕಡೆ ಸುಳಿವು, ಇನ್ನೊಂದು ಕಡೆ ಚೌಕ ಇಟ್ಟರೆ ಸಹಿಸಬಹುದು. ತೆಳು ತುದಿಯ ಒಳ್ಳೆಯ ಪೆನ್ನು ಮೊದಲೇ ಇದ್ದವರಿಗೆ ಸರಿ, ಪದಬಂಧಕ್ಕೆಂದೇ ಕೊಳ್ಳುವಂಥದ್ದಲ್ಲ.

ಪ್ರಿಂಟು ನನ್ನ ಎರಡನೇ ಆಯ್ಕೆ. ಚೌಕವನ್ನು ಎ4 ಹಾಳೆಯ ಮೇಲರ್ಧಕ್ಕೆ ಹಿಗ್ಗಿಸಿದರೆ ಪ್ರತಿ ಮನೆ ಸೆಂಟಿಮೀಟರಿಗಿಂತ ದೊಡ್ಡದಾಗುತ್ತದೆ, ‘ಸ್ತ್ರೀ’ ಆರಾಮವಾಗಿ ಕೂರುತ್ತದೆ, ರಬ್ಬರಿಗೂ ಕಾಗದ ತಡೆಯುತ್ತದೆ. ಚಾಳೀಸು ಬಂದ ಕಣ್ಣಿಗೆ, ನಡುಗುವ ಕೈಗೆ ಇದೇ ಸರಿ. ತೊಡಕು ಒಂದೇ. ಇ-ಪೇಪರ್‌ನಿಂದ ಕತ್ತರಿಸಿದ ಚಿತ್ರ ಚಿಕ್ಕದಾಗಿದ್ದರೆ ಹಿಗ್ಗಿಸಿದಾಗ ಸುಳಿವುಗಳ ಒತ್ತು ಮಸುಕಾಗಿ ‘ಸ್ತ’ ಯಾವುದು, ‘ಸ್ಥ’ ಯಾವುದು ತಿಳಿಯುವುದಿಲ್ಲ. ಅಂಥಲ್ಲಿ ಮೊದಲು ಪುಟವನ್ನು ಪೂರ್ತಿ ಹಿಗ್ಗಿಸಿ, ಚೌಕ ಒಂದು, ಸುಳಿವು ಇನ್ನೊಂದು ಎಂದು ಎರಡು ಸ್ಕ್ರೀನ್‌ಶಾಟ್ ತೆಗೆದು ಒಂದೇ ಹಾಳೆಗೆ ಜೋಡಿಸಿ.

ಪುಸ್ತಕದ ಪದಬಂಧಗಳೂ ಇವೆ. ಅ.ನಾ. ಪ್ರಹ್ಲಾದರಾವ್ ಅವರಂಥವರು ಕಟ್ಟಿದವು ಪುಸ್ತಕವಾಗಿ ಬಂದಿವೆ. ಕಾಗದ ಗಟ್ಟಿ, ಉತ್ತರ ಹಿಂದಿನ ಪುಟಗಳಲ್ಲೇ ಇರುತ್ತದೆ. ನಾಳೆಯ ಪೇಪರಿಗಾಗಿ ಕಾಯುವ ಸುಖ ಅದರಲ್ಲಿಲ್ಲ.

ಬೆಳಗಿನ ಕಾಫಿಯ ಹೊತ್ತಿಗೆ ಪತ್ರಿಕೆ ಬರುವ ಮನೆಯಾದರೆ, ಒಂದು 2ಬಿ ಪೆನ್ಸಿಲು, ಒಂದು ಬಿಳಿ ರಬ್ಬರು, ಒಂದು ಪ್ಯಾಡು, ಅಷ್ಟೇ ಬಂಡವಾಳ ಸಾಕು. ಪದಬಂಧದ ಹಿಂಬದಿಯ ಸುದ್ದಿ ಮನೆಯಲ್ಲಿ ಇನ್ಯಾರಿಗಾದರೂ ಬೇಕಿದ್ದರೆ ಕತ್ತರಿಸುವ ಮೊದಲು ಕೇಳಿಬಿಡಿ. ಪರದೇಶದಲ್ಲಿರುವ, ಕನ್ನಡ ಪತ್ರಿಕೆ ಕೈಗೆ ಸಿಗದವರು ಇ-ಪೇಪರ್‌ನ ಪ್ರಿಂಟಿಗೆ ಹೋಗಿ, ವಾರದ್ದನ್ನೆಲ್ಲ ಒಟ್ಟಿಗೆ ತೆಗೆಸಿ ಕ್ಲಿಪ್ ಹಾಕಿಟ್ಟುಕೊಂಡರೆ ಅನುಕೂಲ. ಬಸ್ಸಿನಲ್ಲಿ, ಮೆಟ್ರೋದಲ್ಲಿ ಬಿಡಿಸುವವರಿಗೆ ಮಾತ್ರ ಫೋನು, ಅದೂ ಮೇಲಿನ ಮೂರು ಪದಗಳ ಪರೀಕ್ಷೆಯಲ್ಲಿ ಗೆದ್ದ ಆ್ಯಪ್‌ನಲ್ಲಿ. ಪೆನ್ಸಿಲಿನ ಮೊನೆಯನ್ನು ಮಾತ್ರ ಸೂಜಿಯಂತೆ ಚೂಪು ಮಾಡಬೇಡಿ. ಕೆತ್ತಿದ ಮೇಲೆ ಪತ್ರಿಕೆಯ ಅಂಚಿನಲ್ಲಿ ಎರಡು ಸಲ ಗೀಚಿ ಮೊಂಡು ಮಾಡಿಕೊಂಡರೆ ‘ದ್ರಾ’ದ ಒತ್ತು ಹರಿಯದೆ ಮೂಡುತ್ತದೆ.