ಗಿಟಾರು ನುಡಿಸಿದರೆ ಮುಂಗೈ ಸೋಲುತ್ತದೆಯೇ? ಡಿ'ಅಡಾರಿಯೊ ಇಜೆ15 ತಂತಿ ಹೀಗಿದೆ

ಅಕೌಸ್ಟಿಕ್ ಗಿಟಾರಿಗೆ ಹೆಚ್ಚಾಗಿ ಹಾಕುವುದು 12ರ ಸೆಟ್, ಅಂದರೆ ಮೊದಲ ತಂತಿ 0.012 ಇಂಚು ದಪ್ಪ. ಇಜೆ15ರಲ್ಲಿ ಅದು 0.010, ಆರನೆಯದು 0.047. ಲೆಕ್ಕಕ್ಕೆ ಕೂದಲೆಳೆಯ ವ್ಯತ್ಯಾಸ, ಬೆರಳಿಗೆ ಹಾಗಲ್ಲ. ತಂತಿಯ ಮಿಡಿಯುವ ಉದ್ದ 25.5 ಇಂಚಿರುವ ಗಿಟಾರಿನಲ್ಲಿ 12ರ ಮೊದಲ ತಂತಿಯ ಬಿಗಿ ಸುಮಾರು 10.6 ಕೆ.ಜಿ., 10ರದ್ದು 7.3. ಎಫ್ ಬಾರ್ (ತೋರುಬೆರಳೊಂದರಲ್ಲೇ ಆರೂ ತಂತಿ ಒತ್ತುವ ಹಿಡಿತ) ಹಿಡಿದ ಎರಡೇ ನಿಮಿಷಕ್ಕೆ ಮೊಣಕೈ ಕೆಳಗೆ ಉರಿ ಏಳುವವರಿಗೆ ಫರಕು ಮೊದಲ ದಿನವೇ ತಿಳಿಯುತ್ತದೆ. ಬೆರಳು ಮಡಚುವ ದೊಡ್ಡ ಸ್ನಾಯುಗಳಿರುವುದು ಮುಂಗೈಯಲ್ಲೇ.

ತಂತಿ ಬದಲಿಸಿದರೂ ನೋವು ಹೋಗದಿದ್ದರೆ ತಪ್ಪು ಹೆಚ್ಚಾಗಿ ತಂತಿಯದ್ದಲ್ಲ, ನಟ್‌ದು, ಅಂದರೆ ತಲೆಯ ಕಡೆ ತಂತಿಗಳು ಕೂರುವ ಗೀರುಪಟ್ಟಿಯದು. ಆರನೇ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ (ಫ್ರೆಟ್ ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿ ಹಿಡಿದು ಮೊದಲ ಫ್ರೆಟ್ ಮೇಲಿನ ಸಂದು ನೋಡಿ. ತೆಳು ಕಾಗದ ಹೋಗುವಷ್ಟಿದ್ದರೆ ಸರಿ. ಎಟಿಎಂ ಕಾರ್ಡು ನುಸುಳಿದರೆ ನಟ್‌ನ ಗೀರು ಎತ್ತರವಾಯಿತು, ಎಂಥ ತಂತಿ ಹಾಕಿದರೂ ಕೈಗೆ ಶಿಕ್ಷೆಯೇ. ಆಮೇಲೆ ಹನ್ನೆರಡನೇ ಫ್ರೆಟ್. ಒಂದು ಎಟಿಎಂ ಕಾರ್ಡು 0.76 ಮಿ.ಮೀ.; ಆರನೇ ತಂತಿ ಕೆಳಗೆ ಮೂರು ಕಾರ್ಡು ಒಟ್ಟಿಗೆ ಸರಿಯಾಗಿ ಕೂತರೆ ಸಾಕು. ಐದು ಹೋದರೆ ಸ್ಯಾಡಲ್, ಅಂದರೆ ಬುಡದ ಕಡೆ ತಂತಿ ಆನುವ ಪಟ್ಟಿ, ಇಳಿಸಬೇಕು: ಹನ್ನೆರಡನೇ ಫ್ರೆಟ್‌ನಲ್ಲಿ 1 ಮಿ.ಮೀ. ತಗ್ಗಬೇಕೆಂದರೆ ಸ್ಯಾಡಲ್‌ನ ತಳದಲ್ಲಿ 2 ಮಿ.ಮೀ. ಉಜ್ಜಬೇಕು. ಹೀಗೆ ಎತ್ತರ ಹೊಂದಿಸುವುದೇ ಸೆಟಪ್; ಆದರೆ ಬರೀ ತಂತಿ ಏರಿಸಿ ಶ್ರುತಿ ಮಾಡಿ ಕೊಡುವುದನ್ನೇ ಕೆಲವು ಅಂಗಡಿಗಳಲ್ಲಿ ಸೆಟಪ್ ಎನ್ನುತ್ತಾರೆ. ಹಣ ಕೊಡುವ ಮೊದಲು ನಟ್ ಮುಟ್ಟಿದಿರಾ ಎಂದು ಕೇಳಿ.

ಬಿಗಿ ಕಡಿಮೆಯಾದಾಗ ನೆಕ್ (ಗಿಟಾರಿನ ಕತ್ತು) ಹಿಂದಕ್ಕೆ ಬಾಗಿ ಮೊದಲ ಮೂರು ಫ್ರೆಟ್‌ಗಳಲ್ಲಿ ತಂತಿ ಝರ್ರೆನ್ನಬಹುದು. ನೆಕ್ ಒಳಗಿನ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ಎಡಕ್ಕೆ ಕಾಲು ಸುತ್ತು ಸಡಿಲಿಸಿ ಒಂದು ದಿನ ಬಿಡಿ. ನಟ್, ಸ್ಯಾಡಲ್ ಉಜ್ಜುವುದು ಇದಾದ ಮೇಲೆಯೇ. ಮೊದಲೇ ಉಜ್ಜಿದರೆ ಹೋದದ್ದು ಮರಳಿ ಬರುವುದಿಲ್ಲ.

ಬಳ್ಳಾರಿಯ ಬೇಸಿಗೆಯದೇ ಒಂದು ಕಾಟ. ತಗಡಿನ ಚಾವಣಿ ಕೆಳಗಿಟ್ಟರೆ ಕಟ್ಟಿಗೆ ಒಣಗಿ ಫ್ರೆಟ್‌ನ ತುದಿಗಳು ಗರಗಸದ ಹಲ್ಲಿನಂತೆ ಅಂಗೈಗೆ ತಾಗುತ್ತವೆ. ಹಾಗೆಂದು ಕೂಲರ್ ಮುಂದೆ ನಿಲ್ಲಿಸಬೇಡಿ, ತೇವಕ್ಕೆ ಮೇಲ್ಹಲಗೆ ಉಬ್ಬಿ ತಂತಿ ಮತ್ತೆ ಮೇಲೇಳುತ್ತದೆ. ಚೀಲದೊಳಗೆ, ಒಳಕೋಣೆಯಲ್ಲಿ ಇಡುವುದೇ ವಾಸಿ.

ಇಜೆ15ಕ್ಕೆ ಕೊರತೆಯೂ ಇದೆ. ದನಿ ತೆಳು. ಭಜನೆಗೆ, ಕಾಲೇಜು ಕಾರ್ಯಕ್ರಮಕ್ಕೆ ಜೋರಾಗಿ ಬಾರಿಸುವವರಿಗೆ ಸಾಲದು. ಅಂಥವರು 11-52ರ ಇಜೆ26 ನೋಡಬಹುದು. ಇನ್ನೊಂದು: ಬಿಗಿಯಾಗಿ ಒತ್ತುವ ಚಾಳಿ ಇದ್ದರೆ ಇದರಲ್ಲಿ ಸ್ವರ ಮೇಲಕ್ಕೆ ಹೋಗುತ್ತದೆ. ಅದನ್ನು ದೋಷವೆನ್ನಲು ಮನಸ್ಸಿಲ್ಲ. ಎಷ್ಟು ಒತ್ತಿದರೆ ಸಾಕೆಂದು ಕಿವಿಯೇ ಹೇಳುತ್ತದೆ: ದನಿ ಶುದ್ಧವಾದ ಕೂಡಲೇ ಹೆಬ್ಬೆರಳು ಸಡಿಲಿಸಿ. ಮಣಿಕಟ್ಟು ಮಡಚಬೇಡಿ, ಬಾರ್‌ಗೆ ತೋರುಬೆರಳಿನ ಮಗ್ಗುಲನ್ನು ಬಳಸಿ, ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಇಳಿಬಿಡಿ. ಬೆರಳು ಜೋಮು ಹಿಡಿಯುತ್ತಿದ್ದರೆ ತಂತಿ ಅಂಗಡಿಯಲ್ಲ, ವೈದ್ಯರು.

ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಇದನ್ನು ಹಾಕಲೇಬಾರದು, ತಂತಿ ಕಟ್ಟುವ ಬ್ರಿಡ್ಜ್ ಕಿತ್ತು ಬಂದೀತು. 0.010ರ ಬಿಡಿ ತಂತಿ ಒಂದೆರಡು ಜೊತೆಗೇ ಕೊಳ್ಳಿ. ಕಡಿಯುವುದು ಹೆಚ್ಚಾಗಿ ಆ ಮೊದಲನೆಯದೇ.